ಗಂಡಿನ ಮನೆಗೆ ಒಂದು ಮರಿ

ಹುಲ್ಲು ಸರಿದ ಸದ್ದು, ಇಲಿ ಇರಬೇಕು, ಇಲ್ಲ, ಮುಂಗುಸಿಯಂಥ ಫೆರೆಟ್ ಸಾಕಿದ ಷೆಡ್ಡಿಗೆ ಇಲಿ ಎಲ್ಲಿ ಬರುತ್ತದೆ, ಪೆಟ್ಟಿಗೆಯಲ್ಲಿ ನಮ್ಮ ಹೆಣ್ಣು ಫೆರೆಟ್ ಟಿಬ್ಬಿಯೇ ಮಗ್ಗುಲು ಬದಲಿಸಿರಬೇಕು, ಆದರೆ ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು, ದಾರದಷ್ಟು ಸಣ್ಣದು, ಒದ್ದೆ ಗಾಜಿನ ಮೇಲೆ ಬೆರಳು ಎಳೆದ ಹಾಗೆ, ಒಂದಲ್ಲ, ನಾಲ್ಕಾರು — ನೀರಿನ ಬಟ್ಟಲು ಕೈಯಲ್ಲೇ ಇದೆ, ಟೋಪಿಯ ಪಿನ್ನು ನೆತ್ತಿಗೆ ಚುಚ್ಚುತ್ತಿದೆ, ಚಾಪೆಲ್ಲಿನಲ್ಲಿ ಮೊದಲ ಹಾಡು ಎತ್ತಿಬಿಟ್ಟಿದ್ದಾರೆ, ಇಲ್ಲಿಗೂ ಕೇಳಿಸುತ್ತಿದೆ, ನಾನಿಲ್ಲದೆ ಹೆಂಗಸರ ದನಿ ತೆಳ್ಳಗಾಗಿದೆ, ಹೋಗಬೇಕು, ಹೋಗುತ್ತೇನೆ, ಇದು ಸುಳ್ಳು ಬಸಿರು, ಪ್ರತಿ ವರ್ಷವೂ ಹೀಗೇ, ಹೊಟ್ಟೆ ಉಬ್ಬುತ್ತದೆ, ಎದೆಯ ಕೂದಲು ಕಿತ್ತು ಗೂಡು ಕಟ್ಟುತ್ತಾಳೆ, ಹತ್ತಿರ ಹೋದರೆ ಬುಸುಗುಟ್ಟುತ್ತಾಳೆ, ಆಮೇಲೆ ಒಂದು ದಿನ ಎಲ್ಲ ಮರೆತು ಎದ್ದು ಮೈ ಮುರಿಯುತ್ತಾಳೆ, ನನ್ನ ಗಂಡ ಐಸಾಕ್ ಇದ್ದಾಗ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಏನಮ್ಮ ನನ್ನ ಹುಡುಗಿ, ಈ ವರ್ಷವೂ ಬರೀ ಗಾಳಿಯಾ, ಎಂದು ಕೇಳುತ್ತಿದ್ದರು, ನನ್ನ ಹುಡುಗಿ ಎಂದು, ನನ್ನನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತು, ಕರೆದದ್ದುಂಟೋ ಇಲ್ಲವೋ, ಆದರೆ ಸುಳ್ಳು ಬಸಿರು ಕೂಗುವುದಿಲ್ಲ. ಸುಳ್ಳು ಬಸಿರಿಗೆ ದನಿ ಇರುವುದಿಲ್ಲ. ಇವು ಕೂಗುತ್ತಿವೆ. ಬಟ್ಟಲು ಕೆಳಗಿಟ್ಟೆ, ನೀರು ಶೂ ಮೇಲೆ ಚೆಲ್ಲಿತು, ಭಾನುವಾರದ ಶೂ, ಇರಲಿ — ಇದು ಹೇಗೆ ಸಾಧ್ಯ, ಹೆಣ್ಣು ಬೆದೆಗೆ ಬಂದರೆ ಹಾಗೇ ಬಿಡುವಂತಿಲ್ಲ ನಿಜ, ಗಂಡು ಕೂಡುವವರೆಗೂ ಇವಕ್ಕೆ ಬೆದೆ ಇಳಿಯುವುದಿಲ್ಲ, ಬೇಸಿಗೆಯೆಲ್ಲ ಹಾಗೇ ಉಳಿದು ರಕ್ತ ನೀರಾಗಿ ವಸಡು ಬಿಳಚಿಕೊಂಡು ಸತ್ತೇ ಹೋಗುತ್ತವೆ, ಕೂಡಿಸಿದರೋ ಒಂದೊಂದಕ್ಕೂ ಎಂಟು ಹತ್ತು ಮರಿ, ಯಾರಿಗೆ ಬೇಕು ಅಷ್ಟು, ಗಣಿ ಮುಚ್ಚಿದ ಮೇಲೆ ಫೆರೆಟ್ಟು ಬಲೆ ಹೊತ್ತು ಮೊಲದ ಬೇಟೆಗೆ ಹೋಗುವ ಗಂಡಸರೇ ಊರಲ್ಲಿ ಉಳಿದಿಲ್ಲ, ಅದಕ್ಕೇ ನಾಳ ಕತ್ತರಿಸಿದ ಗಂಡೊಂದನ್ನು ಯಾರಾದರೂ ಇಟ್ಟಿರುತ್ತಾರೆ, ಬೀಜ ಒಡೆದದ್ದಲ್ಲ, ಆಸೆಯೆಲ್ಲ ಇದ್ದು ಫಲ ಮಾತ್ರ ಇಲ್ಲದ್ದು, ವಸಂತ ಬಂತೆಂದರೆ ಊರಿನ ಹೆಣ್ಣುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿಕೊಂಡು ಅಲ್ಲಿಗೆ ಒಯ್ಯುವುದು, ನಮ್ಮೂರಿನ ಆ ಗಂಡು ಇರುವುದು ಆ ಮೇವಿಸ್ ಎಂಬ ಹೆಂಗಸಿನ ಹಿತ್ತಲಲ್ಲಿ. ಬೇರೆಲ್ಲೂ ಅಲ್ಲ, ಮೇವಿಸಳ ಹಿತ್ತಲಲ್ಲೇ ಇರಬೇಕಿತ್ತೇ ಅದು.

ಅದಕ್ಕೆ ಅವಳಿಟ್ಟ ಹೆಸರು ಬಿಷಪ್. ಅಂಗಡಿಯ ಸಾಲಿನಲ್ಲಿ ಎಲ್ಲರೆದುರಿಗೆ ಹೇಳಿದ್ದಳು, ನಮ್ಮ ಬಿಷಪ್ ಆಶೀರ್ವಾದ ಮಾಡ್ತಾನೆ ಅಷ್ಟೇ ಕಣ್ರೀ, ಕೊಡೋದೇನೂ ಇಲ್ಲ, ಚಾಪೆಲ್ಲಿನವರು ಹೆದರ್ಕೋಬೇಡಿ, ಎಂದು, ಎಲ್ಲರೂ ನಕ್ಕರು, ಐಸಾಕ್ ಆಲೂಗಡ್ಡೆ ಚೀಲ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, ಮನೆಯಲ್ಲಿ ಹಾಗೆ ನಕ್ಕದ್ದು ನಾನು ನೋಡಿಲ್ಲ, ನಾನು ತಮಾಷೆ ಮಾಡುವವಳಲ್ಲ, ನನಗೆ ಬರುವುದಿಲ್ಲ, ಬ್ರೆಡ್ಡು ಮಾಡುವುದು ಬರುತ್ತದೆ, ಪ್ರಾರ್ಥನೆ ಬರುತ್ತದೆ, ನೆರೆಯವರದನ್ನು ಕಂಡು ಹೊಟ್ಟೆ ಉರಿಸಿಕೊಳ್ಳಬಾರದು ಎಂದು ಭಾನುವಾರದ ತರಗತಿಯಲ್ಲಿ ಈ ಊರಿನ ಅರ್ಧ ಮಕ್ಕಳಿಗೆ ಹೇಳಿಕೊಟ್ಟವಳು ನಾನು, ಕರ್ತನೇ, ಆ ಮಕ್ಕಳಿಗೆ ಹೇಳಿಕೊಟ್ಟೆ, ನನಗೆ ಹೇಳಿಕೊಡುವವರು ಯಾರು. ಪ್ರತಿ ವಸಂತದಲ್ಲಿ ಐಸಾಕ್ ಬುಟ್ಟಿ ಹಿಡಿದು ಹೊರಟರೆ ಮಧ್ಯಾಹ್ನವೆಲ್ಲ ಬರುತ್ತಿರಲಿಲ್ಲ, ಅವಸರ ಮಾಡೋಹಾಗಿಲ್ಲ ಲೋಯಿಸ್, ಗಂಡು ಕುತ್ತಿಗೆ ಹಿಡಿದು ಎಳೆದಾಡಬೇಕು, ಹಾಗಾದ್ರೇನೇ ಬೆದೆ ಇಳಿಯೋದು, ಎನ್ನುತ್ತಿದ್ದರು, ಟಿಬ್ಬಿ ಹಿಂದಿರುಗಿದಾಗ ಕುತ್ತಿಗೆಯ ಕೂದಲು ಒದ್ದೆಯಾಗಿ ಅಂಟಿರುತ್ತಿತ್ತು, ಇವರ ಮೈಗೆ ಬೇರೆ ಮನೆಯಲ್ಲಿ ಹುರಿದ ಹಂದಿಮಾಂಸದ, ಬೇಕನ್ನಿನ ವಾಸನೆ, ಏನನ್ನೂ ಕೇಳಲಿಲ್ಲ ನಾನು, ಕೇಳುವಂಥದ್ದೇನೂ ಅಲ್ಲವೆಂದು ನನಗೆ ಗೊತ್ತಿತ್ತು, ಕೆಟ್ಟ ಕೆಲಸ ಮಾಡುವ ಮನುಷ್ಯನಲ್ಲ ನನ್ನ ಗಂಡ, ಅದಕ್ಕೇ ಉರಿ ಹೆಚ್ಚು, ಕೆಟ್ಟದ್ದಾಗಿದ್ದರೆ ಕ್ಷಮಿಸಬಹುದಿತ್ತು. ಈ ವರ್ಷ ಇವರಿಲ್ಲ, ಬುಟ್ಟಿ ನಾನೇ ಒಯ್ದೆ. ಬೇಡವೆಂದು ಎಷ್ಟೋ ದಿನ ತಡೆದೆ, ಟಿಬ್ಬಿಯ ಹಿಂಭಾಗ ಬಾತು ಕೆಂಪಗಾಗಿ ಊಟ ಬಿಟ್ಟಳು, ಇವರು ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಇವಳೊಬ್ಬಳೇ, ಒಯ್ದೆ, ಮೇವಿಸ್ ಬಾಗಿಲಲ್ಲೇ ಬುಟ್ಟಿ ತೆಗೆದುಕೊಂಡಳು, ಒಳಗೆ ಕೂತ್ಕೊಳ್ಳಿ ಮಿಸೆಸ್ ಹೆಸ್ಲಪ್, ಟೀ ಇದೆ, ಹಿತ್ತಲೆಲ್ಲ ಕೆಸರು, ನೀವು ಬರಬೇಡಿ, ನನ್ನ ಗಂಡ ಅವಳಿಗೆ ಐಕ್, ನಾನು ಮಿಸೆಸ್ ಹೆಸ್ಲಪ್, ಐಸಾಕ್ ಎಂಬ ಹೆಸರನ್ನು ನಾನು ಒಂದು ದಿನವೂ ಮುರಿದು ಕರೆದವಳಲ್ಲ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ, ಕೂತ ಕೂಡಲೇ ತಿಳಿಯಿತು ಅದು ಯಾರ ಕುರ್ಚಿ ಎಂದು, ಕಿಟಕಿಯ ಕಟ್ಟೆಯ ಮೇಲೆ ಕೆಮ್ಮಿನ ಮಿಠಾಯಿಯ ಡಬ್ಬಿ, ಸೋಂಪಿನದು, ಅವರು ತಿನ್ನುತ್ತಿದ್ದದ್ದು, ಅರ್ಧ ಖಾಲಿ. ನಮ್ಮ ಮನೆಯಲ್ಲಿ ಅವರು ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದರೆ ಎದ್ದು ಷೆಡ್ಡಿಗೆ ಹೋಗುತ್ತಿದ್ದರು, ಕಲ್ಲಿದ್ದಲಿನ ಧೂಳು ಕೂತ ಎದೆ, ಹಂಡೆ ತಳ ಕೆರೆದ ಹಾಗೆ, ಬಾಗಿಲು ಮುಚ್ಚಿಕೊಂಡು ಕೆಮ್ಮಿ ಬರುತ್ತಿದ್ದರು, ಏನಿಲ್ಲ ಲೋಯಿಸ್, ಹುಲ್ಲಿನ ಧೂಳು — ಅಲ್ಲಿ ಮಾತ್ರ ಕುರ್ಚಿಯಲ್ಲಿ ಕೂತು ಆರಾಮಾಗಿ ಕೆಮ್ಮುತ್ತಿದ್ದರು. ಕೆಮ್ಮನ್ನೂ ಅಲ್ಲಿಗೇ ಒಯ್ದಿದ್ದರು. ಬೇರೆ ಹೆಂಗಸರು ಗಂಡ ಇನ್ನೊಬ್ಬಳಿಗೆ ಕೊಟ್ಟ ಮುತ್ತಿಗೆ ಹೊಟ್ಟೆಕಿಚ್ಚು ಪಡುತ್ತಾರೆ, ನಾನು ಕೆಮ್ಮಿಗೆ ಪಟ್ಟೆ, ಟೀ ಕುಡಿಯದೆ ಎದ್ದೆ.

ಬಿಷಪ್ಪನಿಗೆ ಆಪರೇಷನ್ ಆಗಿ ವರ್ಷಗಳೇ ಕಳೆದಿವೆ, ಹೊಸದಾಗಿ ಕತ್ತರಿಸಿದ್ದಾದರೆ ಕೆಲವು ವಾರ ನಾಳದಲ್ಲಿ ಬೀಜ ಉಳಿದಿರುತ್ತದೆ, ಆಗ ಇಂಥದ್ದಾಗುವುದುಂಟು, ಆದರೆ ಅದು ಮುದಿ ಪ್ರಾಣಿ, ಮೂತಿಯೆಲ್ಲ ಬೆಳ್ಳಗೆ — ಅಷ್ಟರಲ್ಲಿ ನಮ್ಮ ಹಿತ್ತಲ ಗೇಟಿನ ಚಿಲಕ ಎದ್ದಿತು, ತಟ್ಟಲಿಲ್ಲ, ಕೂಗಲಿಲ್ಲ, ಆ ಚಿಲಕವನ್ನು ಎತ್ತಿ ಸ್ವಲ್ಪ ಎಡಕ್ಕೆ ಎಳೆಯಬೇಕು, ಗೊತ್ತಿಲ್ಲದವರಿಗೆ ತೆರೆಯುವುದಿಲ್ಲ, ಯಾರಿಗೋ ಗೊತ್ತಿದೆ, ಹೆಜ್ಜೆ ಕೇಳಿದ ಕೂಡಲೇ ಪೆಟ್ಟಿಗೆಯೊಳಗಿನಿಂದ ಟಿಬ್ಬಿ ಕುಟುಕುಟು ಎಂದಳು, ಖುಷಿಯಾದಾಗ ಮಾಡುವ ಸದ್ದು, ನನಗೆ ಬುಸುಗುಟ್ಟುವವಳು, ಈ ಹೆಜ್ಜೆಗೆ ಕುಟುಕುಟು, ಬಾಗಿಲಲ್ಲಿ ಮೇವಿಸ್, ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ, ರಕ್ತ ಹೊರಗೆ ಒಸರಿದೆ, ಟಿಬ್ಬಿಗೆಂದು ತಂದ ಮೊಲದ ಲಿವರ್, ಅಯ್ಯೋ ದೇವರೇ, ಮಿಸೆಸ್ ಹೆಸ್ಲಪ್, ನೀವು ಚಾಪೆಲ್ಲಲ್ಲಿರ್ತೀರಿ ಅಂದ್ಕೊಂಡಿದ್ದೆ. ಅದನ್ನು ಅಂದ್ಕೊಂಡೇ ಬಂದ ಹಾಗಿದೆ, ಎಂದೆ. ಹೌದು ಮತ್ತೆ, ನೀವಿದ್ರೆ ಒಳಗೆ ಬಿಡ್ತಿದ್ರಾ, ಎಂದಳು, ನಾಚಿಕೆಯಿಲ್ಲದೆ, ಆಮೇಲೆ ದನಿ ತಗ್ಗಿಸಿ, ಈದ್ಲಾ, ಎಂದು ಕೇಳಿದಳು, ಅವಳ ಮುಖ ಬೆಳಗಿತು, ಆ ಬೆಳಕು ನೋಡಿ ನನಗೆ ಎಲ್ಲ ತಿಳಿದ ಹಾಗಾಯಿತು, ಇವಳು ದಿನ ಎಣಿಸಿಕೊಂಡು ಬಂದಿದ್ದಾಳೆ. ನಿಮ್ಮ ಬಿಷಪ್ಪನಿಗೆ ಪವಾಡ ಮಾಡೋದು ಬರುತ್ತೇನು, ಎಂದೆ, ನನ್ನ ಬಾಯಿಂದ ಹುಟ್ಟಿದ ಒಂದೇ ಒಂದು ತಮಾಷೆ, ಯಾರೂ ನಗಲಿಲ್ಲ. ಬಿಷಪ್ ಮುಟ್ಲಿಲ್ಲ ರೀ ಅವಳನ್ನ, ಅವನು ಮೂಲೇಲಿ ಗೊರಕೆ ಹೊಡೀತಿದ್ದ. ನಾನು ಬಿಟ್ಟಿದ್ದು ಬೇರೆ ಗಂಡು. ಕತ್ತರಿಸದೇ ಇರೋದು. ಐಕ್ ಹೇಳಿದ್ದ ಹಾಗೆ ಮಾಡು ಅಂತ. — ಯಾವಾಗ ಹೇಳಿದ್ದು? — ಅಕ್ಟೋಬರಲ್ಲಿ. ಆಸ್ಪತ್ರೆಯಿಂದ ಸೀದಾ ನಮ್ಮನೆಗೆ ಬಂದ. ಇನ್ನು ಚಳಿಗಾಲ ದಾಟಲ್ಲ ಅಂತ ಡಾಕ್ಟರು ಹೇಳಿದ್ರಂತೆ. ಮುಂದಿನ ವಸಂತಕ್ಕೆ ಟಿಬ್ಬಿಗೆ ಪೂರ್ತಿ ಗಂಡನ್ನೇ ಬಿಡು ಮೇವಿಸ್ ಅಂದ, ಮನೆ ತುಂಬ ಮರಿ ಇದ್ರೆ ಲೋಯಿಸ್ ಬೆಳಿಗ್ಗೆ ಹಾಸಿಗೆಯಿಂದ ಏಳ್ತಾಳೆ, ಇಲ್ದಿದ್ರೆ ಏಳಲ್ಲ, ನಂಗೊತ್ತು ಅವಳು, ಅಂದ. ಅಕ್ಟೋಬರ್, ಅಕ್ಟೋಬರಿನ ಆ ದಿನ ಅವರು ತಡವಾಗಿ ಬಂದು ಬಸ್ಸು ಸಿಗಲಿಲ್ಲ ಎಂದರು, ಮಾಂಸದ ಕಡುಬು ಎರಡು ಸಲ ಹಾಕಿಸಿಕೊಂಡು ತಿಂದರು, ನಾನು ಹಸಿದಿದ್ದಾರೆಂದುಕೊಂಡೆ, ಹೊಸ ವರ್ಷ ಕಳೆಯುವವರೆಗೂ ನನಗೆ ಹೇಳಲಿಲ್ಲ, ಅಷ್ಟು ದಿನ ಮಾತನ್ನು ಬಾಯಲ್ಲಿಟ್ಟುಕೊಂಡು ನನ್ನೆದುರು ಕೂತು ಉಣ್ಣುತ್ತಿದ್ದರು, ನನಗೆ ಉಳಿದದ್ದು ಚಳಿಗಾಲದ ಬಾಲ, ಅವಳಿಗೆ ಇಡೀ ಶರತ್ಕಾಲ ಸಿಕ್ಕಿತ್ತು. ನನ್ನ ಹತ್ರ ಯಾಕೆ ಹೇಳಲಿಲ್ಲವಂತೆ? — ಅವಳ ಮುಖ ನೋಡಿದ್ರೆ ಅತ್ತುಬಿಡ್ತೀನಿ ಅಂದ. ನಿಮ್ಮ ಹತ್ರ ಅತ್ತರಾ, ಎಂದೆ, ಕೇಳಬಾರದಿತ್ತು, ಬಾಯಿ ಕೇಳಿಬಿಟ್ಟಿತು, ಮೇವಿಸ್ ಪೊಟ್ಟಣ ನೋಡುತ್ತ ನಿಂತಳು, ರಕ್ತದ ಒಂದು ಹನಿ ಅವಳ ಚಪ್ಪಲಿಯ ಮೇಲೆ ಬಿತ್ತು, ಅತ್ತ, ಎಂದಳು.

ಇದು ಒಳ್ಳೆಯದು ಎಂದು ಹೇಳಿಕೊಳ್ಳಬೇಕು, ನನಗಾಗಿ ಮಾಡಿದ್ದು, ನಾನು ಏಳಲಿ ಎಂದು, ಸಾಯುವ ಮನುಷ್ಯ ನನ್ನ ಬೆಳಗುಗಳ ಬಗ್ಗೆ ಯೋಚಿಸಿದ, ಸ್ತೋತ್ರ ಮಾಡಬೇಕು, ಮಾಡುತ್ತೇನೆ, ಆದರೆ ಇವಳ ಕೈಯಿಂದಲೇ ಏಕೆ ಬರಬೇಕಿತ್ತು, ನನ್ನ ಪಾಲಿನದನ್ನು ಇವಳ ಅಡುಗೆಮನೆಯಲ್ಲಿ ಏಕೆ ಇಟ್ಟುಹೋದರು, ಕಣ್ಣೀರು ಒಂದು ಕಡೆ, ಕಡುಬು ಒಂದು ಕಡೆ — ಮೇವಿಸ್ ಏನೋ ಹೇಳುತ್ತಿದ್ದಾಳೆ, ನಂಗೂ ಒಂದು ಮರಿ ಬೇಕು ಮಿಸೆಸ್ ಹೆಸ್ಲಪ್, ಈಗಲ್ಲ, ಹಾಲು ಬಿಟ್ಟ ಮೇಲೆ. ಗಂಡಿನ ಮನೆಗೆ ಮೊದಲ ಮರಿ, ಆರಿಸ್ಕೊಳ್ಳೋದು ಅವರೇ, ಅದು ನಮ್ಮೂರ ರೂಢಿ, ನಿಮಗೂ ಗೊತ್ತು. ಅವಳ ಕಣ್ಣು ತುಂಬಿತ್ತು. ಬಿಷಪ್ಪನನ್ನೇ ಬಿಟ್ಟಿದ್ದರೆ ಯಾವ ಹಕ್ಕೂ ಇರುತ್ತಿರಲಿಲ್ಲ, ಗಾಳಿಗೆ ಯಾರೂ ಪಾಲು ಕೇಳುವುದಿಲ್ಲ, ಈಗ ಇದೆ, ರೂಢಿ ಅವಳ ಕಡೆಗಿದೆ, ಇವರ ಟಿಬ್ಬಿ, ಇವರ ಮಾತು, ಇದರಲ್ಲೂ ಮೊದಲನೆಯದು ಅವಳಿಗೆ, ಉಳಿದದ್ದು ನನಗೆ, ಎಂಟು ವಾರ ಈ ಗೇಟಿನ ಚಿಲಕ ಎತ್ತುತ್ತಾಳೆ, ಎಂಟು ವಾರ ಟಿಬ್ಬಿ ಅವಳಿಗೆ ಕುಟುಕುಟು ಅನ್ನುತ್ತಾಳೆ, ಎಂಟು ವಾರ ಆ ತುಂಬಿದ ಕಣ್ಣು, ಬೇಡ, ಇವತ್ತೇ ಮುಗಿಯಲಿ, ಆರಿಸ್ಕೋ, ಎಂದೆ, ಈಗಲೇ ಆರಿಸ್ಕೊಂಡು ತೊಗೊಂಡು ಹೋಗು, ಎಂದು ಮುಚ್ಚಳ ಎತ್ತಿಬಿಟ್ಟೆ, ಹೊಸದಾಗಿ ಈದ ಹೆಣ್ಣಿನ ಮುಚ್ಚಳ ಎತ್ತಬಾರದು, ಈ ಬೀದಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ಬೆದರಿದರೆ ಮರಿಗಳನ್ನು ತಾನೇ ತಿಂದುಬಿಡುತ್ತದೆ, ಒಂದೂ ಉಳಿಸುವುದಿಲ್ಲ, ನನಗೆ ಗೊತ್ತು, ಕೈಗೆ ಗೊತ್ತಿರಲಿಲ್ಲ, ಬೆಳಕು ಗೂಡಿನೊಳಗೆ ಬಿತ್ತು, ಕಿತ್ತ ಕೂದಲಿನ ನಡುವೆ ಗುಲಾಬಿ ಬಣ್ಣ ಮಿಸುಕಿತು, ಕಿರುಬೆರಳಿನಷ್ಟು, ಕಣ್ಣಿಲ್ಲದವು, ಟಿಬ್ಬಿ ಎದ್ದು ನಿಂತಳು, ಒಂದನ್ನು ಬಾಯಲ್ಲಿ ಹಿಡಿದಳು. ಮುಚ್ಚು ಲೋಯಿಸ್, ಮೇವಿಸಳ ಪಿಸುಮಾತು, ಲೋಯಿಸ್ ಅಂದಳು, ಕಿರುಚಬೇಡ, ಮೆಲ್ಲಗೆ, ಮೆಲ್ಲಗೆ ಮುಚ್ಚು, ಅವಳ ಒದ್ದೆ ಕೈ ನನ್ನ ಮಣಿಕಟ್ಟಿನ ಮೇಲೆ ಬಂದು ಮುಚ್ಚಳವನ್ನು ಇಳಿಸಿತು, ನನ್ನ ಕೈಯೂ ಅದರ ಅಡಿಯಲ್ಲೇ ಇಳಿಯಿತು, ಈಗ ಕತ್ತಲೆ ಒಳಗೆ, ಈಗ ಸದ್ದಿಲ್ಲ, ಆ ದಾರದಂಥ ಸದ್ದು ಒಂದೂ ಇಲ್ಲ, ಎತ್ಕೊಂಡು ಮೂಲೆಗೆ ಒಯ್ದಿರ್ತಾಳೆ, ಎಲ್ಲ ತಾಯಂದಿರೂ ಒಯ್ತಾರೆ, ಎನ್ನುತ್ತಿದ್ದಾಳೆ ಮೇವಿಸ್, ಇನ್ನು ಒಂದು ವಾರ ತೆಗೆಯೋ ಹಾಗಿಲ್ಲ, ನೋಡೋ ಹಾಗಿಲ್ಲ, ನಾವಿಬ್ಬರೂ ಬಗ್ಗಿ ಹಲಗೆಗೆ ಕಿವಿ ಹಚ್ಚಿದ್ದೇವೆ, ಅವಳ ಕೂದಲು ನನ್ನ ಕೆನ್ನೆಗೆ ತಾಗುತ್ತಿದೆ, ಬೇಕನ್ನಿನ ವಾಸನೆ, ಚಾಪೆಲ್ಲಿನಲ್ಲಿ ಹಾಡು ನಿಂತಿದೆ, ಪ್ರಾರ್ಥನೆಗೆ ಬಗ್ಗಿರುತ್ತಾರೆ, ನಾನೂ ಕಣ್ಣು ಮುಚ್ಚಿದೆ, ಕರ್ತನೇ ಎಂದೆ, ಮುಚ್ಚಿದ ಕಣ್ಣೊಳಗೆ ಕಂಡದ್ದು ಅದೇ, ಟಿಬ್ಬಿ ಎದ್ದು ನಿಂತಿದ್ದಾಳೆ, ಬಾಯಲ್ಲಿ ಮರಿ — ಬೇರೆ ಏನಾದರೂ ನೆನೆಯಬೇಕು, ಒಲೆಯ ಮೇಲೆ ನೀರಿಟ್ಟೆನೇ, ಇವರ ಮುಖ ನೆನೆಯಬೇಕು, ಕಡುಬು ಉಣ್ಣುವ ಆ ಬಾಯಿ — ಬಾಯಲ್ಲಿ ಮರಿ, ತಲೆ ಒಂದು ಕಡೆ, ಬಾಲ ಒಂದು ಕಡೆ, ನನ್ನನ್ನೇ ನೋಡುತ್ತಿದ್ದಾಳೆ, ನುಂಗಿಲ್ಲ, ಬಿಟ್ಟಿಲ್ಲ.