ಕೂಸು ನಕ್ಕರೆ ಕೂದಲು ಉದುರುತ್ತದಂತೆ

ಶುಭಂ ಹುಟ್ಟಿದ ನಾಲ್ಕನೇ ತಿಂಗಳಿಗೆ ನನ್ನ ಕೂದಲು ಉದುರತೊಡಗಿತು. ಎರಡು ಮೂರು ಎಳೆಯಲ್ಲ, ಬಾಚಣಿಗೆ ಇಟ್ಟರೆ ಸಾಕು, ಉಂಡೆಗಟ್ಟಲೆ. ಬಸಿರಿದ್ದಾಗ ನಮ್ಮೂರು ತುರೋರಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಡುವಂಥ ಜಡೆ ನನ್ನದು. ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಈಗ ಅದು ಇಲಿಬಾಲವಾಗಿತ್ತು. ಗಂಡ ಉಮರ್ಗಾ ಪೇಟೆಯಿಂದ ತಂದ ಎಣ್ಣೆಯ ಸೀಸೆ ಖಾಲಿಯಾಯಿತು, ಅಷ್ಟೇ.

ನೆರೆಮನೆಯ ರಂಭಾಬಾಯಿ ಕಾರಣ ಹೇಳಿದಳು. “ಕೂಸು ತಾಯಿ ಮಾರಿ ಗುರ್ತು ಹಿಡದು ನಗ್ಲಕತ್ತಿತಂದ್ರ ಹಿಂಗೇ, ಸೋನಾಲಿ. ಅಂವಾ ನಗ್ತಾನ, ನಿಂದು ಕೂದಲ ಬೀಳ್ತಾವ.”

ಹನ್ನೆರಡನೇ ಕ್ಲಾಸಿನವರೆಗೆ ಸೈನ್ಸ್ ಓದಿದವಳು ನಾನು. ಆದರೂ ನಂಬಿದೆ! ಅಂದಿನಿಂದ ಹಾಲು ಕುಡಿಸುವಾಗ ಮುಖಕ್ಕೆ ಸೆರಗು ಎಳೆದುಕೊಂಡೆ. ಆಡಿಸುವುದು, ಮಾತಾಡಿಸುವುದು ಎಲ್ಲ ಅತ್ತೆಗೆ ಬಿಟ್ಟೆ. ಅವನು ಅವರನ್ನು ನೋಡಿ ಕಿಲಕಿಲ ನಕ್ಕಾಗ ಒಳಗೆ ಕೂತು ಹಲ್ಲು ಕಡಿದೆ. ಕೂದಲು ಮಾತ್ರ ನಿಲ್ಲಲಿಲ್ಲ.

ಅತ್ತೆ ಮಾಳಮ್ಮ ನಲವತ್ತು ವರ್ಷ ಕುರಿ ಕಾಯ್ದವರು. ಹದಿನೈದು ದಿನ ಸುಮ್ಮನೆ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ನನ್ನ ಸೆರಗು ಹಿಡಿದು ಜಗ್ಗಿದರು.

“ಮಗನ ಮುಂದ ಯಾಕ ಮಾರಿ ಮುಚ್ಕೋತಿ?”

ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಈದ ಮ್ಯಾಲ ಕುರಿಗೂ ತುಪ್ಪಟ ಉದರ್ತದ. ಅದರ ಮರಿ ಯಾವಾಗ ನಕ್ಕಿತ್ತ, ಯವ್ವಾ? ನೀ ಬಸರಿದ್ದಾಗ ಕೂದಲ ಉದರೂದು ನಿಂತಿತ್ತು, ಈಗ ಎಲ್ಲಾ ಒಮ್ಮೇಲೆ ಬೀಳ್ಲಕತ್ಯಾವ. ನಿನ್ನ ಗಂಡ ಹುಟ್ಟಿದಾಗ ನನಗೂ ಬಿದ್ದಿದ್ವು. ವರ್ಷದಾಗ ತಿರುಗಿ ಬಂದ್ವು.”

ನನ್ನ ತಲೆಯನ್ನು ಬೆಳಕಿಗೆ ತಿರುಗಿಸಿ ಹಣೆಯಂಚಿನಲ್ಲಿ ಬೆರಳಾಡಿಸಿದರು. “ನೋಡ, ಉಗುರಿನಷ್ಟ ಎದ್ದಾವ ಆಗಲೇ.” ಕನ್ನಡಿ ತಂದು ನೋಡಿದೆ. ಹೌದು, ಎದ್ದಿದ್ದವು.

ಕುಣಿಯುವಷ್ಟು ಖುಷಿಯಿಂದ ಶುಭಂನನ್ನು ತೊಡೆಯ ಮೇಲೆ ಹಾಕಿಕೊಂಡೆ. ಸೆರಗಿಲ್ಲದ ನನ್ನ ಮುಖ ಕಂಡು ಅವನು ಹುಬ್ಬು ಗಂಟಿಕ್ಕಿದ. ಯಾರೋ ಪರಕೀಯಳನ್ನು ನೋಡಿದಂತೆ ನೋಡಿ, ಅಜ್ಜಿಯ ಕಡೆ ತಿರುಗಿ ನಕ್ಕ. ಜಡೆ ಹೋಗುವಾಗಲೂ ಅಷ್ಟು ಅಳು ಬಂದಿರಲಿಲ್ಲ.

“ಶುಭ್ಯಾ, ಇಲ್ಲಿ ನೋಡೋ. ನಾ ಅದೀನಿ,” ಎಂದೆ.

ದನಿಯ ಗುರುತು ಸಿಕ್ಕಿತೇನೋ, ತಿರುಗಿದ. ಬಹಳ ಹೊತ್ತು ದಿಟ್ಟಿಸಿದ. ಕಣ್ಣೊರೆಸಿಕೊಂಡು ನಾನೇ ಮೊದಲು ನಕ್ಕೆ. ಆಮೇಲೆ ಅವನ ಬೊಚ್ಚುಬಾಯಿ ಮೆಲ್ಲಗೆ ಅಗಲವಾಯಿತು.

“ನಗೋ, ಇನ್ನಾ ನಗೋ,” ಎಂದೆ. “ಎಲ್ಲಾ ಉದುರಿದ್ರ ಉದುರ್ಲಿ.”