ತಾನಾಗಿಯೇ ಮುಂದುವರಿದ ವಿಮೆ

ಗಡಿಯಾರ ರಿಪೇರಿಯವನು ಗೇಟಿನ ಕಂಬಕ್ಕೆ ಕಾರು ಗುದ್ದಿದರೂ ಗಾಬರಿಗೊಳ್ಳಲಿಲ್ಲ. ಕಾರಿನ ವಿಮೆ ತಾನಾಗಿಯೇ ನವೀಕರಣಗೊಂಡಿದೆ ಎಂಬ ಸಂದೇಶ ಹೋದ ತಿಂಗಳೇ ಫೋನಿಗೆ ಬಂದಿತ್ತು.

"ನೋಡಿದ್ಯಾ? ನಾವು ಮರೆತರೂ ಅದು ಮರೆಯಲ್ಲ," ಎಂದ ಹೆಂಡತಿಗೆ.

"ಏನನ್ನೂ ಮರೀದೇ ಇರೋರ ಜೊತೆ ಬಾಳೋದು ಕಷ್ಟ," ಎಂದಳು, ಅತ್ತೆಯೊಂದಿಗೆ ಹದಿನೆಂಟು ವರ್ಷ ಕಳೆದಿದ್ದ ಅವಳು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಅವನ ಹಳೆಯ ಗೆಳೆಯ, ನೆಗ್ಗಿದ ಬಾನೆಟ್ ಸವರಿ ನೋಡಿ, ಫೋನ್ ಇಸಿದುಕೊಂಡು, ಸಂದೇಶದಲ್ಲಿದ್ದ ಗಾಡಿ ನಂಬರನ್ನು ಎರಡು ಸಲ ಓದಿದ.

"ಇದು ನಿನ್ನ ಹಳೇ ಕಾರಿಂದು ಕಣೋ. ಗುಜರಿಗೆ ಹಾಕು ಅಂತ ನನಗೇ ತಂದುಕೊಟ್ಟಿದ್ದೆಯಲ್ಲ, ಅದರದ್ದು. ನಿಲ್ಲಿಸು ಅಂತ ಕಂಪನಿಗೆ ಹೇಳಲಿಲ್ವಾ?"

"ಅಯ್ಯೋ, ಇಲ್ಲ. ಮತ್ತೆ ಈ ಕಾರಿಂದು?"

ಮೆಕ್ಯಾನಿಕ್ ಸೀಟಿನ ಮುಂದಿನ ಡಬ್ಬಿಯಿಂದ ಕಾಗದ ತೆಗೆದು ನೋಡಿದ. ಅವಧಿ ಮುಗಿದು ಒಂಬತ್ತು ದಿನವಾಗಿತ್ತು.

ಮೂಲೆಯಲ್ಲಿ ಹಳೆಯ ಕಾರಿನ ನೀಲಿ ಬಾಗಿಲೊಂದು ಗೋಡೆಗೆ ಒರಗಿತ್ತು. ಅದೊಂದೇ ಉಳಿದಿದ್ದು. ಮೆಕ್ಯಾನಿಕ್ ಅದರ ಮೇಲೆ ಒಣಹಾಕಿದ್ದ ಎಣ್ಣೆ ಬಟ್ಟೆಯನ್ನು ತೆಗೆದ.

"ಗುದ್ದೋದಿದ್ರೆ," ಎಂದ, "ಇದನ್ನ ಕಂಬಕ್ಕೆ ಗುದ್ದಬೇಕಿತ್ತು ನೀನು."