ಪೊಲೀಸ್ ತ್ಯಾಂಪಣ್ಣನ ಕೋಳಿ

ಎಮರ್ಜೆನ್ಸಿ ಮುಗಿದ ಮರುವರ್ಷ ತ್ಯಾಂಪಣ್ಣ ರೈ ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಿವೃತ್ತನಾಗಿ ತನ್ನ ಊರು ಪೆರಾಬೆಗೆ ಬಂದ. ಬರುವಾಗ ಒಂದು ಟ್ರಂಕು, ಒಂದು ಹೋಲ್ಡಾಲು ಮತ್ತು ಸ್ವಲ್ಪ ಬಿ.ಪಿ. ತಂದ. ಟ್ರಂಕು ಅಟ್ಟಕ್ಕೆ ಹೋಯಿತು, ಹೋಲ್ಡಾಲು ಇಲಿಗಳ ಪಾಲಾಯಿತು, ಬಿ.ಪಿ. ಮಾತ್ರ ಅವನನ್ನು ಬಿಡಲಿಲ್ಲ.

"ಉಪ್ಪು ಕಡಿಮೆ ಮಾಡಿ, ಬೆಳಿಗ್ಗೆ ಸ್ವಲ್ಪ ನಡೀರಿ," ಎಂದರು ಪುತ್ತೂರಿನ ಡಾಕ್ಟರು. "ಮತ್ತೆ ಎಂತದಾದ್ರೂ ಒಂದು ಹವ್ಯಾಸ ಬೇಕು ನಿಮಗೆ. ಸುಮ್ಮನೆ ಕೂತ್ರೆ ತಲೆ ಬೇಡದ್ದನ್ನೇ ಯೋಚನೆ ಮಾಡುದು."

ಹೇಳುವುದು ಸುಲಭ. ರಿಟೈರಾದವನಿಗೆ ಸಲಹೆ ಕೊಡಲು ಮಾತ್ರ ಲೋಕದಲ್ಲಿ ಎಲ್ಲರಿಗೂ ಪುರುಸೊತ್ತು. ಮಲ್ಲಿಗೆ ಗಿಡ ನೆಡಿ ಎಂದರು ಒಬ್ಬರು, ಜಾತಕ ನೋಡಲು ಕಲಿಯಿರಿ ಎಂದರು ಇನ್ನೊಬ್ಬರು. ಹೆಂಡತಿ ಅಕ್ಕು ಭಜನೆಗೆ ಹೋಗಿ ಎಂದಳು. ತ್ಯಾಂಪಣ್ಣ ಶಿಸ್ತಿನ ಮನುಷ್ಯ, ಎಲ್ಲವನ್ನೂ ಮಾಡಿ ನೋಡಿದ. ಮಲ್ಲಿಗೆಗೆ ಹುಳ ಬಿತ್ತು. ಬೆಳಿಗ್ಗೆ ನಡೆಯಲು ಹೊರಟರೆ ಎದುರಿಗೆ ಬಂದವರು ಬೀಡಿ ಎಸೆದು, ಗದ್ದೆಗೆ ಇಳಿದು ದಾರಿ ಬಿಡುತ್ತಿದ್ದರು. ಭಜನೆಗೆ ಕೂತರೆ ತಾಳ ಹಾಕುವವನ ಕೈ ತಪ್ಪುತ್ತಿತ್ತು. ಪೋಕರ್ ಬ್ಯಾರಿಯ ಅಂಗಡಿಯ ಬೆಂಚಿನಲ್ಲಿ ಹೋಗಿ ಕೂತರೆ, ಆ ತನಕ ಗಟ್ಟಿಯಾಗಿ ನಗುತ್ತಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

"ಬೇಜಾರು ಮಾಡ್ಬೇಡಿ ರೈಗಳೇ," ಪೋಕರ್ ಚಾದ ಗ್ಲಾಸು ಮುಂದಿಟ್ಟು ಹೇಳಿದ. "ನೀವು ಯೂನಿಫಾರ್ಮು ಬಿಚ್ಚಿದ್ದೀರಿ, ಸರಿ. ಅವರ ಕಣ್ಣಿಗೆ ಅದು ಇನ್ನೂ ಉಂಟು."

ತ್ಯಾಂಪಣ್ಣ ನಕ್ಕ. ಆದರೆ ಆ ದಿನ ಅವನೊಳಗೆ ಒಂದು ಹೆದರಿಕೆ ಹೊಕ್ಕಿತು. ಕಳ್ಳರಿಗೆ, ಕುಡುಕರಿಗೆ, ಮೇಲಧಿಕಾರಿಗಳಿಗೆ ಹೆದರದ ಮನುಷ್ಯ ಸಾಯಂಕಾಲಕ್ಕೆ ಹೆದರತೊಡಗಿದ. ಸಾಯಂಕಾಲವಾದರೆ ಊರಿನ ಗಂಡಸರೆಲ್ಲ ಎಲ್ಲೋ ಒಂದು ಕಡೆ ಸೇರಿ ಹರಟುತ್ತಾರೆ, ತಾನೊಬ್ಬ ಜಗಲಿಯಲ್ಲಿ ಕೂತು ರೇಡಿಯೋದ ಕಿವಿ ಹಿಂಡಬೇಕು. ಸಾಯುವ ತನಕ ಇನ್ನು ಹೀಗೆಯೇ ಏನೋ ಎಂದು ಯೋಚಿಸಿದರೆ ಎದೆ ಡವಡವ ಎನ್ನುತ್ತಿತ್ತು. ಹೆಚ್ಚೇನೂ ಬೇಡ, ಪಕ್ಕದಲ್ಲಿ ಕೂತು ಹೆದರದೆ ಮಾತಾಡುವವ ಒಬ್ಬ ಸಿಕ್ಕಿದರೆ ಸಾಕಿತ್ತು ಅವನಿಗೆ.

ಆ ಒಬ್ಬ ಸಿಕ್ಕಿದ್ದು ಒಂದು ಕೋಳಿಯಿಂದಾಗಿ.

ಕೋಳಿಯ ಹುಚ್ಚು ತ್ಯಾಂಪಣ್ಣನಿಗೆ ಹಿಡಿದದ್ದು ಠಾಣೆಯಲ್ಲೇ. ಕೋಳಿ ಅಂಕವೆಂದರೆ ಹುಂಜಗಳ ಕಾಲಿಗೆ ಬಾಳು ಎಂಬ ಹರಿತವಾದ ಸಣ್ಣ ಕತ್ತಿ ಕಟ್ಟಿ ಕಾದಾಡಲು ಬಿಡುವ ಜೂಜು. ಅಂಕಕ್ಕೆ ದಾಳಿ ಮಾಡಿದಾಗ ಸಿಕ್ಕಿದ ಕೋಳಿಗಳನ್ನು ಠಾಣೆಯ ಹಿತ್ತಿಲಲ್ಲಿ ಕಟ್ಟಿ ಹಾಕುತ್ತಿದ್ದರು. ಪುತ್ತೂರಿನ ಕೋರ್ಟಿನ ಅಂಗಳದಲ್ಲಿ ಅವು ಏಲಂ ಕೂಗಿ ಹರಾಜಾಗುವ ತನಕ ಅಕ್ಕಿ, ನೀರು ಕೊಡುವ ಕೆಲಸ ತ್ಯಾಂಪಣ್ಣನದು. ಕೆಂಪು ಛಾಯೆಯದು ಕೆಮ್ಮೈರ, ಬಿಳಿಯದು ಬೊಳ್ಳೆ, ಯಾವ ಬಣ್ಣದ್ದು ಯಾವ ದಿನ ಗೆಲ್ಲುತ್ತದೆ ಎಂಬ ಶಾಸ್ತ್ರವನ್ನೆಲ್ಲ ಲಾಕಪ್ಪಿನೊಳಗಿದ್ದವರೇ ಅವನಿಗೆ ಕಲಿಸಿಕೊಟ್ಟದ್ದು. ಕಂಬಿಯ ಆಚೆ ಗುರುಗಳು, ಈಚೆ ಶಿಷ್ಯ.

ಹಾಗಾಗಿ ಅಕ್ಕುವಿನ ಹೇಂಟೆ ಮರಿ ಮಾಡಿದಾಗ ತ್ಯಾಂಪಣ್ಣ ಅದರಲ್ಲೊಂದು ಹುಂಜದ ಮರಿಯನ್ನು ತನ್ನದೆಂದು ಬೇರೆ ತೆಗೆದ. ಅದು ಬೆಳೆದು ಒಳ್ಳೆಯ ಕೆಮ್ಮೈರ ಆಯಿತು. ಅದಕ್ಕೆ ಬಿಸಿನೀರಿನ ಸ್ನಾನ, ಬಿಸಿಲು ಕಾಯಿಸುವುದು, ಕಂಕುಳಲ್ಲಿ ಇಟ್ಟುಕೊಂಡು ಬೆಳಗಿನ ತಿರುಗಾಟ. "ನಮ್ಮ ಮಕ್ಕಳನ್ನು ಒಂದು ದಿನ ಹೀಗೆ ಎತ್ತಿಕೊಂಡದ್ದು ನಾನು ಕಾಣ್ಲಿಲ್ಲ," ಎಂದಳು ಅಕ್ಕು. ಅದು ನಿಜವೇ ಆದ್ದರಿಂದ ತ್ಯಾಂಪಣ್ಣ ಕೋಳಿಯೊಂದಿಗೆ ಅಂಗಳಕ್ಕೆ ಇಳಿದ.

ಒಂದು ಬೆಳಿಗ್ಗೆ ಬೇಲಿಯ ಆಚೆ ಮಹಾಬಲ ಗೌಡ ನಿಂತಿದ್ದ. ಗೌಡ ಪಕ್ಕದ ಮನೆಯವ, ಆದರೆ ವರ್ಷಗಳಿಂದ ಮಾತಿಲ್ಲ. ಹಿಂದೆ ಒಮ್ಮೆ ಅಂಕದಲ್ಲಿ ಅವನನ್ನು ತ್ಯಾಂಪಣ್ಣನೇ ಹಿಡಿದಿದ್ದ. ದಂಡ ಕಟ್ಟಿದ್ದಕ್ಕೆ ಗೌಡನಿಗೆ ಸಿಟ್ಟಿರಲಿಲ್ಲ. ಅವನ ಪ್ರೀತಿಯ ಬೊಳ್ಳೆ ಏಲಂ ಆದ ದಿನ ಬಸ್ಸು ತಪ್ಪಿತ್ತು. ಅವನು ಕೋರ್ಟಿಗೆ ಮುಟ್ಟುವಾಗ ಯಾರೋ ಹೋಟೆಲಿನವ ಅದನ್ನು ಏಲಂನಲ್ಲಿ ಹಿಡಿದು, ಸೈಕಲಿಗೆ ತಲೆಕೆಳಗಾಗಿ ನೇತುಹಾಕಿ ಹೊರಟಾಗಿತ್ತು. ಆ ಸಿಟ್ಟು ಹೋಗಿರಲಿಲ್ಲ. ಆದರೂ ಕಣ್ಣೆದುರಿಗೆ ಒಂದು ಚಂದದ ಕೆಮ್ಮೈರ ನಡೆದಾಡುತ್ತಿರುವಾಗ ಎಷ್ಟು ದಿನ ಅಂತ ಮುಖ ತಿರುಗಿಸುವುದು?

"ಎಂತ ಕೊಡ್ತೀರಿ ಅದಕ್ಕೆ?" ಗೌಡ ಕೋಳಿಯನ್ನು ನೋಡುತ್ತಲೇ ಕೇಳಿದ.

"ಅಕ್ಕಿ."

"ಬರೀ ಅಕ್ಕಿಯಾ? ಕೊಬ್ಬು ಬರ್ತದೆ ಮಾರಾಯ್ರೆ! ರಾಗಿ ಕೊಡಿ." ಅಷ್ಟು ಹೇಳಿದವ ಬೇಲಿ ದಾಟಿ ಬಂದು ಕೋಳಿಯ ಎದೆ, ತೊಡೆ, ಉಗುರು ಎಲ್ಲ ಮುಟ್ಟಿ ನೋಡಿದ. ಅಕ್ಕು ಬೆಲ್ಲ, ನೀರು ತಂದಿಟ್ಟಳು. ಗೌಡ ಜಗಲಿಯಲ್ಲಿ ಕೂತ. ಅವನು ಎದ್ದು ಹೋದ ಮೇಲೆ ತ್ಯಾಂಪಣ್ಣ ಒಳಗೆ ಹೋಗಿ ಸುಮ್ಮನೆ ಮುಖ ತೊಳೆದುಕೊಂಡ. ಕಣ್ಣಿನಲ್ಲಿ ನೀರು ಬಂದದ್ದು ಅಕ್ಕುವಿಗೆ ಕಾಣಬಾರದೆಂದು.

ಆ ಮಳೆಗಾಲ ಪೂರ್ತಿ ಸಾಯಂಕಾಲಗಳ ಹೆದರಿಕೆ ಇರಲಿಲ್ಲ. ಗೌಡ ಬರುತ್ತಿದ್ದ, ಇಬ್ಬರೂ ಕೋಳಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕತ್ತಲಾಗುವ ತನಕ ಮಾತಾಡುತ್ತಿದ್ದರು. "ಏನು ಹವ್ಯಾಸ ಹಿಡಿದ್ರಿ?" ಎಂದು ಕೇಳಿದ ಡಾಕ್ಟರು ಕೋಳಿ ಸಾಕಣೆ ಎಂಬ ಉತ್ತರಕ್ಕೆ "ಭೇಷ್, ಅದೇ ಮುಂದುವರಿಸಿ," ಎಂದರು. ಅವರಿಗೇನು ಗೊತ್ತು.

ಬೆಳೆ ಕೊಯ್ದು ಗದ್ದೆ ಖಾಲಿಯಾದ ಮೇಲೆ ಗೌಡ ಒಂದು ದಿನ ಸ್ವರ ತಗ್ಗಿಸಿ ಹೇಳಿದ, "ಬರುವ ಆದಿತ್ಯವಾರ ಗೇರುಗುಡ್ಡೆಯಲ್ಲಿ ಅಂಕ ಉಂಟು. ಇವನನ್ನು ತಕ್ಕೊಂಡು ಬನ್ನಿ."

"ನಾನಾ?" ಎಂದ ತ್ಯಾಂಪಣ್ಣ.

"ಮತ್ತೆ ಕೋಳಿ ಸಾಕಿದ್ದು ಮುಖ ನೋಡ್ಲಿಕ್ಕಾ? ನೋಡಿ ರೈಗಳೇ, ನಾನು ನಿಮ್ಮ ಜಗಲಿಯಲ್ಲಿ ಕೂತುಕೊಳ್ಳುದು ನೋಡಿ ಜನ ನನ್ನನ್ನೇ ಕೇಳ್ತಾರೆ. ರೈಗಳು ಈಗಲೂ ಪೊಲೀಸರ ಕಡೆಯವರಲ್ವಾ, ಜಾಗ್ರತೆ ಅಂತ. ನೀವು ಒಮ್ಮೆ ಬಂದ್ರೆ ಅವರ ಬಾಯಿ ಮುಚ್ಚುತ್ತದೆ."

ಅಲ್ಲಿಂದ ಆದಿತ್ಯವಾರದ ತನಕ ತ್ಯಾಂಪಣ್ಣನಿಗೆ ಗಂಜಿ ಇಳಿಯಲಿಲ್ಲ. ಸಿಕ್ಕಿಬಿದ್ದರೆ? ಒಂದು ಕಾಲದಲ್ಲಿ ತಾನೇ ಕುತ್ತಿಗೆ ಹಿಡಿದು ದೂಡಿದ ವ್ಯಾನಿಗೆ ತಾನೇ ಹತ್ತಬೇಕು. ತನ್ನ ಕೈಕೆಳಗಿದ್ದವರೇ ತನ್ನ ಹೆಸರು ಕೇಳಬೇಕು. ಹೋಗದಿದ್ದರೆ? ಗೌಡ ನಾಳೆಯಿಂದ ಬೇಲಿಯ ಆಚೆಯೇ ಉಳಿಯುತ್ತಾನೆ. ಯಾವುದು ಹೆಚ್ಚಿನ ಹೆದರಿಕೆ ಎಂದು ಅಳೆದು ನೋಡಿದರೆ ಎರಡನೆಯದೇ ಭಾರವಾಗಿ ಕಾಣುತ್ತಿತ್ತು, ಮತ್ತು ಹಾಗೆ ಕಾಣುವುದೇ ಅವನನ್ನು ಇನ್ನಷ್ಟು ಹೆದರಿಸುತ್ತಿತ್ತು.

"ಪಿಂಚಣಿ ನಿಂತ್ರೆ ಎಂತ ಮಾಡುದು?" ಎಂದಳು ಅಕ್ಕು. "ಡಾಕ್ಟರು ಹವ್ಯಾಸ ಇಟ್ಕೊಳ್ಳಿ ಅಂದದ್ದು. ಜೈಲಿಗೆ ಹೋಗಿ ಅನ್ಲಿಲ್ಲ."

"ಬರೀ ನೋಡಿ ಬರುದು ಮಾರಾಯ್ತಿ."

"ನೋಡ್ಲಿಕ್ಕೆ ಹೋಗುವವರಿಗೆ ಕೋಳಿ ಯಾಕೆ?" ಎಂದು ಕೇಳಿ ಅವಳು ಒಳಗೆ ಹೋದಳು. ಆದರೂ ಹೊರಡುವಾಗ ಬಿ.ಪಿ. ಮಾತ್ರೆಯನ್ನು ನೆನಪಿನಿಂದ ಅವನ ಅಂಗಿಯ ಕಿಸೆಗೆ ಹಾಕಿದಳು.

ಗೇರುಗುಡ್ಡೆಯ ನೆತ್ತಿಯಲ್ಲಿ ಜನ ವೃತ್ತವಾಗಿ ಸೇರಿದ್ದರು. ತ್ಯಾಂಪಣ್ಣ ಬರುವುದನ್ನು ಕಂಡು ಅರ್ಧ ಜನ ಓಡಲು ಕಾಲು ತೆಗೆದರು. ಗೌಡ ಅವನ ಹೆಗಲ ಮೇಲೆ ಕೈ ಹಾಕಿ, "ನನ್ನ ದೋಸ್ತಿ. ಆಡ್ಲಿಕ್ಕೆ ಬಂದದ್ದು, ಹಿಡೀಲಿಕ್ಕಲ್ಲ," ಎಂದು ಕೂಗಿ ಹೇಳಿದ. ಯಾರೋ ನಕ್ಕರು, ಯಾರೋ ಕೂತುಕೊಳ್ಳಲು ಕಲ್ಲು ತೋರಿಸಿದರು. ದೋಸ್ತಿ ಎಂಬ ಮಾತು ತ್ಯಾಂಪಣ್ಣನ ಕಿವಿಯಲ್ಲಿ ತುಂಬಾ ಹೊತ್ತು ಉಳಿಯಿತು.

ಆದರೆ ಮೈ ಸುಮ್ಮನಿರಬೇಕಲ್ಲ. ಕಣ್ಣು ತಾನಾಗಿಯೇ ಗುಡ್ಡೆಯನ್ನು ಪೊಲೀಸಿನ ಕಣ್ಣಿನಿಂದ ನೋಡತೊಡಗಿತು. ದಾಳಿ ಮಾಡುವುದಾದರೆ ತೋಡಿನ ಕಡೆಯಿಂದ ಇಬ್ಬರು, ಮುರಕಲ್ಲು ಕಡಿದ ಪಣೆಯ ಹೊಂಡದ ಕಡೆಯಿಂದ ನಾಲ್ವರು. ವಾಹನವನ್ನು ಕೆಳಗಿನ ತಿರುವಿನಲ್ಲೇ ನಿಲ್ಲಿಸಬೇಕು, ಮೇಲೆ ತಂದರೆ ಶಬ್ದ ಕೇಳುತ್ತದೆ. ತಾನೇ ಬಂದಿದ್ದರೆ ಹಾಗೆಯೇ ಮಾಡುತ್ತಿದ್ದೆ ಎಂದುಕೊಂಡ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು.

ಅವನ ಸರದಿ ಬಂತು. ಗೌಡ ಕೆಮ್ಮೈರದ ಕಾಲಿಗೆ ಬಾಳು ಕಟ್ಟಿ, ಎರಡೆರಡು ಸಲ ನೂಲು ಎಳೆದು ನೋಡಿ, ಕೋಳಿಯನ್ನು ಅವನ ಕೈಗೆ ಕೊಟ್ಟ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಒಂದು ಎಂಜಿನು ಬಂದ್ ಆದದ್ದು ತ್ಯಾಂಪಣ್ಣನಿಗೆ ಕೇಳಿತು. ಬಸ್ಸಲ್ಲ, ಲಾರಿಯಲ್ಲ. ಆ ಎಂಜಿನಿನ ಕೆಮ್ಮು ಅವನಿಗೆ ಹೆಂಡತಿಯ ಕೆಮ್ಮಿನಷ್ಟೇ ಪರಿಚಯ.

ಬೇರೆ ಯಾರಿಗೂ ಕೇಳಿಸಿರಲಿಲ್ಲ. ಕೂಗಬೇಕು. "ಓಡಿ" ಎಂದರೆ ಸಾಕು. ಅವನು ಬಾಯಿ ತೆರೆದ, ಸ್ವರ ಹೊರಡಲಿಲ್ಲ. ದಾಳಿಗೆ ಮೊದಲು ತುಟಿ ಬಿಚ್ಚಬಾರದು ಎಂದು ಕಲಿತದ್ದು, ಇನ್ನೊಬ್ಬರಿಗೂ ಕಲಿಸಿದ್ದು, ಸರ್ವೀಸು ಪೂರ್ತಿ ಮೈಯಲ್ಲಿ ಇಳಿದುಹೋಗಿತ್ತು. ಮುಂದೆ ಹೋಗಲಾರ, ಹಿಂದೆ ಬರಲಾರ, ಬಾಳು ಕಟ್ಟಿದ ಕೋಳಿಯನ್ನು ಎದೆಗೆ ಅವುಚಿಕೊಂಡು ನಿಂತೇಬಿಟ್ಟ. ಆಮೇಲೆ ಸೀಟಿ ಕೇಳಿತು.

ಜನ ದಿಕ್ಕಾಪಾಲಾಗಿ ಓಡಿದರು. ಗೇರುಮರಗಳ ಅಡಿಯಲ್ಲಿ ಒಣಗಿದ ಎಲೆಗಳು ಚರಪರ ಎಂದವು, ಯಾರದೋ ಚಪ್ಪಲಿ, ಯಾರದೋ ಮುಂಡಾಸು ಅಲ್ಲಲ್ಲೇ ಉಳಿದವು. ಗೌಡ ಓಡಬಹುದಿತ್ತು. "ಬನ್ನಿ ರೈಗಳೇ!" ಎಂದು ತ್ಯಾಂಪಣ್ಣನ ತೋಳು ಎಳೆಯಲು ಹಿಂದೆ ತಿರುಗಿದ, ಅಲ್ಲೇ ಒಬ್ಬ ಕಾನ್‌ಸ್ಟೇಬಲ್ ಅವನ ಕಾಲರು ಹಿಡಿದ.

ಇನ್ನೊಬ್ಬ ತ್ಯಾಂಪಣ್ಣನ ಮೇಲೆ ಕೈ ಹಾಕಲು ಬಂದಾಗ ಹಿಂದಿನಿಂದ ಸ್ವರ ಬಂತು, "ಏ, ಬಿಡು ಅವರನ್ನು!"

ಸೀನ. ತ್ಯಾಂಪಣ್ಣನೇ ಕೈಹಿಡಿದು ಕೆಲಸ ಕಲಿಸಿದ ಹುಡುಗ, ಈಗ ತೋಳಿನ ಮೇಲೆ ಪಟ್ಟಿ ಬಂದಿತ್ತು. ಅವನು ಓಡಿ ಬಂದವನೇ ಕಾಲು ಜೋಡಿಸಿ ನಿಂತು ಸೆಲ್ಯೂಟು ಹೊಡೆದ. ಒಳ್ಳೆಯ ಸೆಲ್ಯೂಟು, ಇಡೀ ಗುಡ್ಡೆಗೇ ಕಾಣುವ ಹಾಗೆ.

"ಸರ್, ನೀವು ಇಲ್ಲಿ? ಪರವಾಗಿಲ್ಲ, ಆಚೆ ದಾರಿಯಲ್ಲಿ ಮನೆಗೆ ಹೋಗಿ," ಎಂದ ಸೀನ. ಮತ್ತೆ ತನ್ನವರ ಕಡೆ ತಿರುಗಿ, "ಇವರು ನಮ್ಮವರು," ಎಂದ.

ಸಿಕ್ಕಿಬಿದ್ದವರೆಲ್ಲ ಇದನ್ನು ನೋಡಿದರು. ಗೌಡನೂ ನೋಡಿದ. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ತ್ಯಾಂಪಣ್ಣ ತಡೆದುಕೊಳ್ಳುತ್ತಿದ್ದ. ಸಿಟ್ಟು ಬರಲಿಲ್ಲ, ಮುಖ ಸುಮ್ಮನೆ ಬಾಡಿತು.

"ಓ, ಹಾಗೆ," ಎಂದ ಗೌಡ. "ಒಂದು ಕೋಳಿ ಸಾಕಿ ಇಡೀ ಊರನ್ನೇ ಹಿಡಿದ್ರಿ ಅಲ್ವಾ ರೈಗಳೇ?"

ತ್ಯಾಂಪಣ್ಣ ತಿರುಗಿ ನೋಡಿದ. ಆಚೆ ದಾರಿ ಖಾಲಿ ಇತ್ತು. ಇಳಿದು ಹೋದರೆ ಮನೆ, ಅಕ್ಕು, ಪಿಂಚಣಿ, ಮಾನ ಎಲ್ಲ ಇದ್ದಲ್ಲೇ ಇರುತ್ತದೆ. ಜಗಲಿಯೂ ಇರುತ್ತದೆ, ರೇಡಿಯೋವೂ ಇರುತ್ತದೆ. ಬೇಡ ಎನ್ನಿಸಿತು ಅವನಿಗೆ. ಇನ್ನು ಒಂದು ಸಾಯಂಕಾಲವೂ ಅದು ಬೇಡ.

"ಸೀನ, ನನ್ನ ಕೈಯಲ್ಲಿ ಎಂತ ಉಂಟು?"

"ಕೋಳಿ, ಸರ್."

"ಅದರ ಕಾಲಿನಲ್ಲಿ?"

"ಬಾಳು."

"ಬಾಳು ಕಟ್ಟಿದ ಕೋಳಿ ಹಿಡಿದವನನ್ನು ಬಿಟ್ಟುಬಿಡ್ಲಿಕ್ಕೆ ನಾನು ನಿನಗೆ ಕಲಿಸಿದ್ದಾ?"

"ಬೇಡ ಸರ್. ಕೇಸಾದ್ರೆ ನಿಮ್ಮ ಪಿಂಚಣಿಗೆ..."

"ಅದು ನನ್ನ ತಲೆಬಿಸಿ," ಎಂದ ತ್ಯಾಂಪಣ್ಣ. ಗಟ್ಟಿಯಾಗಿ ಹೇಳಬೇಕೆಂದಿದ್ದ, ಸ್ವರ ಬಿರುಕು ಬಿಟ್ಟಿತು. ಬಾಳು ಬಿಚ್ಚಿ ಸೀನನ ಕೈಗೆ ಕೊಟ್ಟು, ಕೋಳಿಯೊಂದಿಗೆ ತಾನೇ ಗುಡ್ಡೆ ಇಳಿದು ವ್ಯಾನು ಹತ್ತಿದ. ಹಿಂದಿನ ಬೆಂಚು ಇಷ್ಟು ಕಿರಿದು ಎಂದು ಇಷ್ಟು ವರ್ಷ ಮುಂದಿನ ಸೀಟಿನಲ್ಲಿ ಕೂತವನಿಗೆ ಗೊತ್ತಿರಲಿಲ್ಲ.

ಗೌಡ ಎದುರಿಗೆ ಕೂತ. ವ್ಯಾನು ಹೊರಟಿತು. ನಾಳೆ ಊರೇನು ಹೇಳುತ್ತದೆ, ಅಕ್ಕುವಿಗೆ ಯಾರು ಸುದ್ದಿ ಮುಟ್ಟಿಸುತ್ತಾರೆ ಎಂದು ತ್ಯಾಂಪಣ್ಣನ ತಲೆ ಗಿರ್ರೆನ್ನುತ್ತಿತ್ತು. ಆದರೆ ಇವೆಲ್ಲಕ್ಕಿಂತ ಮೊದಲು ಹೇಳಿಬಿಡಬೇಕಾದ ಮಾತೊಂದಿತ್ತು.

"ನಾನು ಯಾರಿಗೂ ಸುದ್ದಿ ಕೊಡ್ಲಿಲ್ಲ ಗೌಡ್ರೇ. ಆದ್ರೆ ಎಂಜಿನು ನಿಂತದ್ದು ನನಗೆ ಕೇಳಿತ್ತು. ಕೂಗ್ಬೇಕಿತ್ತು, ಬಾಯಿ ಬರ್ಲಿಲ್ಲ."

ತಿರುವು ಕಳೆಯಿತು, ಪೋಕರ್ ಬ್ಯಾರಿಯ ಅಂಗಡಿಯೂ ಕಳೆಯಿತು. ಬೆಂಚಿನಲ್ಲಿ ಕೂತವರು ಎದ್ದುನಿಂತು ವ್ಯಾನಿನೊಳಗೆ ಯಾರಿದ್ದಾರೆಂದು ಬಗ್ಗಿ ನೋಡುವುದು ಕಾಣಿಸಿತು.

"ಹಾಗೆ ಒತ್ತಿ ಹಿಡಿಬೇಡಿ ಮಾರಾಯ್ರೆ, ಅದಕ್ಕೆ ಉಸಿರು ಕಟ್ತದೆ," ಎಂದ ಗೌಡ ಕೊನೆಗೆ. ಮುಂದಕ್ಕೆ ಬಾಗಿ ಕೋಳಿಯ ರೆಕ್ಕೆ ಸರಿಮಾಡಿದ. "ಏಲಂ ದಿನ ಮೊದಲ ಬಸ್ಸಿಗೇ ಹೋಗ್ಬೇಕು. ತಡ ಆದ್ರೆ ಹೋಟೆಲಿನವರು ಬರ್ತಾರೆ."

"ನೀವೂ ಬರ್ತೀರಾ?"

"ಬಾರದೆ? ನಿಮ್ಮೊಬ್ಬರನ್ನೇ ಕಳಿಸಿದ್ರೆ ಕೋಳಿ ಬಿಟ್ಟು ಸೆಲ್ಯೂಟು ತಕ್ಕೊಂಡು ಬರ್ತೀರಿ."

ವ್ಯಾನಿನೊಳಗೆ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ತ್ಯಾಂಪಣ್ಣನ ಎದೆ ಇನ್ನೂ ಡವಡವ ಎನ್ನುತ್ತಿತ್ತು, ಕಿಸೆಯಲ್ಲಿದ್ದ ಮಾತ್ರೆಯನ್ನು ನುಂಗಲು ನೀರಿರಲಿಲ್ಲ. ಅವನೂ ನಕ್ಕ. ಈ ಸಲ ಯಾರಿಗೂ ಮನೆಯಲ್ಲಿ ಕೆಲಸ ನೆನಪಾಗಲಿಲ್ಲ. ನೆನಪಾಗಿದ್ದರೂ ಎದ್ದು ಹೋಗುವ ಹಾಗಿರಲಿಲ್ಲ ಅನ್ನಿ.